ಕೊಡೆಯ ಕೆಳಗಿನ ಮುಖ

ಕದಿರೇನಹಳ್ಳಿ, ಬನಶಂಕರಿ
12-2-1989

ದಾಸ,

ನಿನ್ನ ಕಾಗದ ಬಂತು. ನಿಮ್ಮಮ್ಮ ಊದುಬತ್ತಿ ಹೊಸೆಯುವ ಮಣೆ ಪಕ್ಕಕ್ಕಿಟ್ಟು, ಕೈ ತೊಳೆದುಕೊಂಡು ಬಂದು ಎದುರಿಗೆ ಕೂತಳು. ಓದುವವನು ನಾನು, ಕೈ ತೊಳೆಯುವವಳು ಅವಳು. ಎರಡು ಸಲ ಓದಿಸಿದಳು. ಎರಡನೇ ಸಲ ನಾನೇ ‘ಇಲ್ಲಿ ಮೂರು ಹೊತ್ತೂ ಬಿಸಿ ಊಟ’ ಅಂತ ಒಂದು ಮಾತು ಸೇರಿಸಿದೆ. ತಕ್ಷಣ ಹಿಡಿದಳು. "ಮೊದ್ಲು ಅಂಗ್ ಓದ್ಲಿಲ್ವಲ್ಲೋ ಸೀನ. ಅವ್ನು ಬರ್ದಷ್ಟು ಓದು, ನೀನ್ ಅಡುಗೆ ಮಾಡ್ಬ್ಯಾಡ." ಅಕ್ಷರ ಗೊತ್ತಿಲ್ಲದವಳಿಗೆ ಎಷ್ಟು ಜ್ಞಾಪಕ ನೋಡು.

ನಾನು ಈಗ ಜಯನಗರ ನಾಲ್ಕನೇ ಬ್ಲಾಕಿನ ಗುಂಡಣ್ಣನ ಬೋರ್ಡ್ ಅಂಗಡಿಯಲ್ಲಿದ್ದೇನೆ. ಮೊದಲು ಬಿಟ್ಟ ಕೆಲಸಗಳ ಹೆಸರು ಕೇಳಬೇಡ. ಇಲ್ಲಿ ಬ್ರಷ್ ಹಿಡಿಯುವ ಕೆಲಸ, ಅದೊಂದು ಸಂತೋಷ. ಹೋದ ವಾರವಿಡೀ ಜೆ.ಪಿ. ನಗರದ ಕಾಂಪೌಂಡುಗಳ ಮೇಲೆ ‘ಇಲ್ಲಿ ಮೂತ್ರ ಮಾಡಬಾರದು’ ಅಂತ ಬರೆದೆ. ಬರೆಯುತ್ತಿರುವಾಗಲೇ ಒಬ್ಬ ಪಕ್ಕದಲ್ಲಿ ಬಂದು ನಿಂತ. "ಅಣ್ಣ, ಓದೋಕೆ ಬರಲ್ವಾ?" ಅಂದೆ. "ನೀನಿನ್ನೂ ಬರ್ದು ಮುಗ್ಸಿಲ್ವಲ್ಲ" ಅಂದ.

ಆದರೆ ಇವತ್ತು ನಗುವುದಕ್ಕೆ ಬರೆಯುತ್ತಿಲ್ಲ. ಮೊನ್ನೆ ನಮ್ಮ ಎಂ.ಪಿ. ಅನಂತರಾಮು ಜಯನಗರದ ಕಾಂಪ್ಲೆಕ್ಸ್ ಹತ್ತಿರ ಭಾಷಣ ಮಾಡಿದ. ನೀನು ಸೈನ್ಯದ ಜೊತೆ ಲಂಕೆಗೆ ಹೋದ ಹೊಸದರಲ್ಲಿ ಇದೇ ಮನುಷ್ಯ ಇದೇ ಜಾಗದಲ್ಲಿ, "ಹದಿನೈದು ದಿವಸದ ಕೆಲಸ, ಹಾರ ತಯಾರಿಟ್ಕೊಳಿ" ಅಂದಿದ್ದು ನೆನಪಿದೆಯಲ್ಲ? ನಿಮ್ಮಮ್ಮ ನಿಜವಾಗಲೂ ಹೂವಿನವಳಿಗೆ ಹೇಳಿಟ್ಟಿದ್ದಳು. ಒಂದೂವರೆ ವರ್ಷ ಆಯಿತು. ಈಗ ಯಾರೋ ಮುದುಕರು ಎದ್ದು, "ನಮ್ಮ ಮಕ್ಕಳು ಯಾವಾಗ ಬರ್ತಾರೆ ಸ್ವಾಮಿ?" ಅಂದರೆ, "ನಮ್ಮ ಹುಡುಗ್ರು ಅಲ್ಲಿ ಎಳನೀರು ಕುಡ್ಕೊಂಡು ಸುಖವಾಗವ್ರೆ" ಅಂದ. ಜನ ಚಪ್ಪಾಳೆ ಹೊಡೆದರು. ಬಿಸಿಲಿಗೆ ಅವನ ತಲೆಯ ಮೇಲೆ ಒಬ್ಬ ಕೊಡೆ ಹಿಡಿದುಕೊಂಡು ನಿಂತಿದ್ದ. ನನಗೆ ಮೈಯೆಲ್ಲ ಉರಿಯಿತು. ಜಗಳ ಬಿಡಿಸಿ ಬನ್ನಿ ಅಂತ ಕಳಿಸಿದರು, ಈಗ ಎರಡೂ ಕಡೆಯವರು ನಿಮ್ಮನ್ನೇ ಹೊಡೆಯುತ್ತಿದ್ದಾರೆ ಅಂತ ಪೇಪರಿನಲ್ಲಿ ಓದುತ್ತೇನೆ. ಇವನಿಗೆ ಎಳನೀರಂತೆ.

ನಿಜ ಏನು ಅಂತ ನನಗಾದರೂ ಬರಿ. ನಿಮ್ಮಮ್ಮನ ಹತ್ತಿರ ನಿನ್ನ ಯೂನಿಫಾರ್ಮಿನ ಫೋಟೋ ಕೇಳಿ ತಂದಿದ್ದೇನೆ. ಒಂದು ಕೆಲಸಕ್ಕೆ ಬೇಕು. ಏನು ಅಂತ ಆಮೇಲೆ ಹೇಳುತ್ತೇನೆ.

ಸೀನು

*

ಸಿ/ಓ 56 ಎ.ಪಿ.ಓ.
5-3-1989

ಸೀನು,

ನಾನು ಚೆನ್ನಾಗಿದ್ದೇನೆ. ಊಟ ಚೆನ್ನಾಗಿದೆ. ಸೊಳ್ಳೆಗಳೂ ಚೆನ್ನಾಗಿವೆ. ಎಲ್ಲಿದ್ದೇನೆ ಅಂತ ಬರೆಯುವ ಹಾಗಿಲ್ಲ, ಏನು ಮಾಡುತ್ತಿದ್ದೇನೆ ಅಂತಲೂ ಬರೆಯುವ ಹಾಗಿಲ್ಲ. ಉಳಿದಿದ್ದು ಬಿಸಿಲು. ಬಿಸಿಲು ಜಾಸ್ತಿ ಇದೆ.

ಇದಿಷ್ಟನ್ನು ಅಮ್ಮನಿಗೆ ಓದು. ಮುಂದಿನದು ನಿನಗೆ. ಈ ಕಾಗದವನ್ನು ರಜಕ್ಕೆ ಹೋಗುವವನ ಕೈಯಲ್ಲಿ ಕಳಿಸುತ್ತಿದ್ದೇನೆ, ಅವನು ಮದ್ರಾಸಿನಲ್ಲಿ ಡಬ್ಬಿಗೆ ಹಾಕುತ್ತಾನೆ.

ಎಳನೀರಿನ ಮಾತು ಓದಿದೆ. ತೆಂಗಿನ ಮರದ ಹತ್ತಿರ ಹೋಗಬೇಡಿ ಅಂತ ನಮಗೆ ಆರ್ಡರ್ ಇದೆ, ಬುಡದಲ್ಲಿ ಏನು ಹುಗಿದಿದ್ದಾರೋ ಗೊತ್ತಾಗುವುದಿಲ್ಲ. ನಮ್ಮ ಸೆಕ್ಷನ್ನಿನಲ್ಲಿ ಬೋರಣ್ಣ ಅಂತ ಇದ್ದ, ಕನಕಪುರದ ಕಡೆಯವನು. ಎಳನೀರಿಗೂ ಹೋಗಲಿಲ್ಲ, ಒಂದಕ್ಕೆ ಅಂತ ಮರದ ಹಿಂದೆ ಹೋದ. ಈಗ ಆಸ್ಪತ್ರೆಯಲ್ಲಿದ್ದಾನೆ. ಬಲಗಾಲು ಇಲ್ಲ.

ಬಂದ ಹೊಸದರಲ್ಲಿ ನಮ್ಮ ಲಾರಿಗಳಲ್ಲಿ ಅಕ್ಕಿ ಮೂಟೆ ಇತ್ತು. ಹಂಚಿದೆವು. ಒಬ್ಬ ಅಜ್ಜಿ ನನ್ನ ಹಣೆಗೆ ವಿಭೂತಿ ಹಚ್ಚಿ ಮಗನೇ ಅಂದಳು. ಈಗ ಅದೇ ಬೀದಿಯಲ್ಲಿ ಬಂದೂಕು ಹಿಡಿದು ನಡೆಯುತ್ತೇವೆ. ಅವಳ ಬಾಗಿಲು ನಾವು ಬರುವುದಕ್ಕೆ ಮುಂಚೆಯೇ ಮುಚ್ಚಿರುತ್ತದೆ. ನಾನು ಏನೂ ಮಾಡಿಲ್ಲ ಅಂತ ನಿನಗೆ ಬರೆಯಬೇಕು ಅನ್ನಿಸುತ್ತದೆ. ಬರೆಯುವುದಿಲ್ಲ.

ಅಮ್ಮನಿಗೆ ಏನೂ ಸೇರಿಸಿ ಓದಬೇಡ. ಆದರೆ ಬಿಟ್ಟು ಓದು. ಬಿಟ್ಟಿದ್ದು ಅವಳಿಗೆ ಗೊತ್ತಾಗುವುದಿಲ್ಲ.

ದಾಸಪ್ಪ

*

ಕದಿರೇನಹಳ್ಳಿ
2-4-1989

ದಾಸ,

ಬೋರಣ್ಣನ ವಿಷಯ ಓದಿದ ಮೇಲೆ ಎರಡು ದಿನ ಅಂಗಡಿಗೆ ಹೋಗಲಿಲ್ಲ. ಮೂರನೇ ದಿನ ಬ್ರಷ್ ತಗೊಂಡು ನೇರವಾಗಿ ನಮ್ಮ ಸಂಘದ ಗೋಡೆಗೆ ಹೋದೆ. ಬಸ್ ಸ್ಟಾಪಿನ ಎದುರಿಗಿರುವ ಉದ್ದ ಗೋಡೆ. ಯುಗಾದಿಗೆ ಶುಭಾಶಯ ಬರಿ ಅಂತ ಸಂಘದ ಸೆಕ್ರೆಟರಿ ಸಂಜೀವಯ್ಯನವರೇ ಹೇಳಿದ್ದರು. ಶುಭಾಶಯವನ್ನು ಮೂಲೆಯಲ್ಲಿ ಅಂಗೈ ಅಗಲ ಬರೆದು, ಮಿಕ್ಕಿದ ಗೋಡೆಯ ಮೇಲೆ ಒಂದು ವ್ಯಂಗ್ಯಚಿತ್ರ ಬರೆದೆ.

ಹೇಳುತ್ತೇನೆ ಕೇಳು. ಒಂದು ಬೀದಿ ನಲ್ಲಿ. ಅದರ ಹತ್ತಿರ ಇಬ್ಬರು ಜುಟ್ಟು ಹಿಡಿದುಕೊಂಡು ಜಗಳವಾಡುತ್ತಿದ್ದಾರೆ. ಬಿಡಿಸೋಣ ಅಂತ ಒಬ್ಬ ಸಿಪಾಯಿ ನಡುವೆ ಹೋಗಿದ್ದಾನೆ. ಅವರಿಬ್ಬರೂ ಜಗಳ ಬಿಟ್ಟು ಬಿಂದಿಗೆಯಲ್ಲಿ ಇವನಿಗೇ ಬಡಿಯುತ್ತಿದ್ದಾರೆ. ಚಡ್ಡಿ ಹರಿದಿದೆ, ಒಂದು ಕೈಯಲ್ಲಿ ಬಂದೂಕು, ಇನ್ನೊಂದರಲ್ಲಿ ಬಿಳಿ ಬಾವುಟ, ಬಾಯಿ ಬಿಟ್ಟುಕೊಂಡು ಅಳುತ್ತಿದ್ದಾನೆ. ಹಿಂದುಗಡೆ ಕಾಂಪೌಂಡ್ ಗೋಡೆಯ ಆಚೆ ಕೊಡೆ ಹಿಡಿದುಕೊಂಡು ಅನಂತರಾಮು. ಉದ್ದನೆಯ ಕೋಲಿನಲ್ಲಿ ಸಿಪಾಯಿಯ ಬೆನ್ನು ತಿವಿಯುತ್ತಾ, ಇನ್ನೊಂದು ಕೈಯಲ್ಲಿ ಎಳನೀರು. ಕೆಳಗೆ ಒಂದು ಸಾಲು ಬರೆದಿದ್ದೇನೆ, ಓದಿದವರೆಲ್ಲ ನಗುತ್ತಾರೆ.

ಅನಂತರಾಮು ಹೇಗೆ ಬಂದಿದ್ದ ಗೊತ್ತಾ? ಆ ಗದ್ದ, ಆ ಬಂಗಾರದ ಹಲ್ಲು, ಕಣ್ಣ ಕೆಳಗಿನ ಚೀಲ, ಎಲ್ಲ ಅವನೇ. ಸಂಜೀವಯ್ಯನವರು ಬಂದು ನೋಡಿದರು. ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ನಗು ನಿಂತಿತು.

"ಸೀನು, ಸಂಘದ ಮಾಳಿಗೆಗೆ ಶೀಟ್ ಹಾಕ್ಸಿದ್ದು ಯಾರು?"

"ಅವ್ನೇ."

"ಅವ್ನೇ ಅಂತೀಯ. ಅದೇ ಶೀಟ್ ಕೆಳಗೆ ಕೂತ್ಕೊಂಡು ಕೇರಂ ಆಡ್ತೀಯ. ಚಿತ್ರ ಇರ್ಲಪ್ಪ, ಸಖತ್ತಾಗಿದೆ. ದೊಡ್ಡೋರ ಮುಖ ಮಾತ್ರ ಬೇಡ. ನಾಳೆ ಪೊಲೀಸ್ನೋರು ಬಂದ್ರೆ ನಾನು ಪೆನ್ಷನ್ ತಗೊಳ್ಳೋನು."

"ಮುಖ ಇಲ್ದೆ ಯಾರು ಅಂತ ಗೊತ್ತಾಗ್ಬೇಕಲ್ಲ ಸಾರ್?"

"ಗೊತ್ತಾಗೋರಿಗೆ ಗೊತ್ತಾಗುತ್ತೆ. ಕೊಡೆ ಸ್ವಲ್ಪ ಕೆಳಗಿಳ್ಸು."

ಬೈದುಕೊಂಡೇ ಇಳಿಸಿದೆ. ಈಗ ಕೊಡೆಯ ಕೆಳಗೆ ಹೊಟ್ಟೆ, ಕೋಲು, ಎಳನೀರು ಮಾತ್ರ. ಆದರೂ ಜನ ಸೇರುತ್ತಾರೆ ಮಗಾ. ಬಸ್ಸಿನ ಕಂಡಕ್ಟರು ಸ್ಟಾಪಿನಲ್ಲಿ ಒಂದು ನಿಮಿಷ ಜಾಸ್ತಿ ನಿಲ್ಲಿಸಿ ನೋಡಿ ಹೋಗುತ್ತಾನೆ. ನಿಮ್ಮಮ್ಮನೂ ಬಂದು ನೋಡಿದಳು. ಖುಷಿಯಾಗಿದ್ದಾಳೆ.

ಸೀನು

*

ಸಿ/ಓ 56 ಎ.ಪಿ.ಓ.
30-4-1989

ಸೀನು,

ಬಹಳ ದಿನದ ಮೇಲೆ ನಕ್ಕೆ. ನಿನ್ನ ಕಾಗದವನ್ನು ನಮ್ಮ ಹುಡುಗರಿಗೆ ಓದಿ ಹೇಳಿದೆ. ಕನ್ನಡ ಬರದವರಿಗೆ ಹಿಂದಿಯಲ್ಲಿ ಹೇಳಿದೆ. ಒಬ್ಬ ಮಲಯಾಳಿ ಹವಾಲ್ದಾರರು, "ಕೊಡೆ ಕರೆಕ್ಟ್, ಕೋಲು ಕರೆಕ್ಟ್, ಎಳನೀರಿನಲ್ಲಿ ಸ್ಟ್ರಾ ಹಾಕಿದ್ದಾನಾ ಕೇಳು" ಅಂದರು.

ನಮ್ಮ ಸಿಪಾಯಿಯನ್ನು ಅಳುವ ಹಾಗೆ ಬರೆದಿದ್ದೀಯಲ್ಲ, ಅದಕ್ಕೆ ಹುಡುಗರಿಗೆ ಸ್ವಲ್ಪ ಬೇಜಾರು. ಇರಲಿ, ಅವನು ಯಾರೋ ಒಬ್ಬ ಸಿಪಾಯಿ, ಅಳಲಿ ಬಿಡು ಅಂದೆ. ಅನಂತರಾಮು ಮುಖ ಮುಚ್ಚಿದ್ದು ಮಾತ್ರ ಮೋಸ. ನಿನ್ನ ಸಂಜೀವಯ್ಯನವರಿಗೆ ನನ್ನ ಪರವಾಗಿ ಹೇಳು, ಪೊಲೀಸ್ನೋರಿಗೆ ಅಷ್ಟು ಹೆದರಿದರೆ ಗೋಡೆ ಯಾಕೆ ಕಟ್ಟಿಸಬೇಕಿತ್ತು ಅಂತ.

ಒಂದು ಕಾಗದದ ಮೇಲೆ ಪೆನ್ಸಿಲಿನಲ್ಲಿ ಆ ಚಿತ್ರ ಬರೆದು ಕಳಿಸು. ಹುಡುಗರು ನೋಡಬೇಕಂತೆ. ಮತ್ತೆ ಕೆಳಗೆ ಬರೆದಿರುವ ಸಾಲು ಏನು? ಅದನ್ನು ನೀನು ಬರೆಯಲೇ ಇಲ್ಲ.

ದಾಸಪ್ಪ

*

ಕದಿರೇನಹಳ್ಳಿ
16-7-1989

ದಾಸ,

ನಿನ್ನ ಕಾಗದಗಳಿಗೆ ಉತ್ತರ ಬರೆಯಲು ಆಗಲಿಲ್ಲ. ಕೆಲಸ ಜಾಸ್ತಿ. ಚಿತ್ರ ಕಳಿಸಲು ಒಳ್ಳೆಯ ಪೇಪರ್ ಸಿಗಲಿಲ್ಲ. ಮಡಿಸಿದರೆ ಹಾಳಾಗುತ್ತದೆ. ಬಂದಾಗ ನೋಡುವೆಯಂತೆ.

ಲಂಕೆಯವರೇ ಈಗ ‘ನಿಮ್ಮ ಸೇನೆ ವಾಪಸ್ ಕರೆಸಿಕೊಳ್ಳಿ’ ಅಂತಿದ್ದಾರಂತೆ, ಪೇಪರಿನಲ್ಲಿ ಬಂದಿದೆ. ಕರೆದವರೇ ಹೊರಡಿ ಅಂದರೆ ಇನ್ನು ಅಲ್ಲಿ ನಿಮಗೇನು ಕೆಲಸ? ಸತ್ತವರಿಗೆ ಯಾರು ಲೆಕ್ಕ ಹೇಳುತ್ತಾರೆ? ಅನಂತರಾಮು ಆ ಸುದ್ದಿ ಬಂದ ದಿನ ಜೆ.ಪಿ. ನಗರದಲ್ಲಿ ಒಂದು ಬೇಕರಿ ಉದ್ಘಾಟನೆ ಮಾಡಿ ಪಫ್ ತಿಂದ.

ನಿಮ್ಮಮ್ಮ ಚೆನ್ನಾಗಿದ್ದಾಳೆ. ಊದುಬತ್ತಿ ಕಟ್ಟು ಕೊಡಲು ಹೋಗುವಾಗಲೆಲ್ಲ ಬಸ್ ಸ್ಟಾಪಿನ ಹತ್ತಿರ ಐದು ನಿಮಿಷ ನಿಲ್ಲುತ್ತಾಳೆ.

ಸೀನು

*

ಕದಿರೇನಹಳ್ಳಿ
24-10-1989

ದಾಸ,

ಎಲೆಕ್ಷನ್ ಬಂತು. ಕೇಳಿದರೆ ನೀನು ನಂಬುವುದಿಲ್ಲ, ನನ್ನ ಚಿತ್ರ ಈಗ ಐದು ಕಡೆ ಇದೆ. ಎಂ.ಎಲ್.ಎ. ಸೀಟಿಗೆ ನಿಂತಿರುವ ಉಗ್ರಪ್ಪ ಬಸ್ ಸ್ಟಾಪಿನಲ್ಲಿ ಕಾರು ನಿಲ್ಲಿಸಿ ನೋಡಿದ. ಅನಂತರಾಮು ಪಾರ್ಟಿಗೆ ಎದುರು ಪಾರ್ಟಿಯವನು. "ಯಾವನ್ಲಾ ಇದ್ ಬರ್ದಿದ್ದು? ಕರೀರಿ ಅವ್ನ" ಅಂದನಂತೆ. ಹೋದೆ. ಜಯನಗರ, ಜೆ.ಪಿ. ನಗರ, ಬಿ.ಟಿ.ಎಂ. ಲೇಔಟ್, ಬೊಮ್ಮನಹಳ್ಳಿ, ಎಲ್ಲ ಕಡೆ ಇದೇ ಚಿತ್ರ ಬೇಕು ಅಂದ.

ಸಂಘದ ಗೋಡೆಯ ಚಿತ್ರವನ್ನು ದೊಡ್ಡ ಕಾಗದದ ಮೇಲೆ ಒಂದೇ ಸಲ ಇಳಿಸಿಕೊಂಡು, ಗೆರೆಯುದ್ದಕ್ಕೂ ಸೂಜಿಯಲ್ಲಿ ತೂತು ಹಾಕಿ, ಗೋಡೆಗಿಟ್ಟು ಇದ್ದಿಲ ಪುಡಿ ಬಡಿದೆವು. ಐದೂ ಕಡೆ ಒಂದೇ ಅಚ್ಚು. ಒಂದು ಕೂದಲು ಆಚೀಚೆ ಇಲ್ಲ. ಹೊಸೂರು ರೋಡಿನಲ್ಲಿ ಗಾರ್ಮೆಂಟ್ಸ್ ಹುಡುಗಿಯರು ಶಿಫ್ಟ್ ಬಿಟ್ಟಾಗ ಅದರ ಮುಂದೆ ನಿಂತು ನಗುತ್ತಾರೆ.

ನಾನು ಉಗ್ರಪ್ಪನಿಗೆ ಹೇಳಿದೆ, ಈಗಲಾದರೂ ಕೊಡೆ ಎತ್ತಿ ಅನಂತರಾಮು ಮುಖ ಹಾಕೋಣ, ನಿಮಗೆ ಅವನು ಎದುರು ಪಾರ್ಟಿ ತಾನೆ ಅಂತ. ಅವನು ನನ್ನ ಹೆಗಲ ಮೇಲೆ ಕೈ ಹಾಕಿ, "ಹುಡುಗಾ, ಪಾಲಿಟಿಕ್ಸ್ನಲ್ಲಿ ಕೊಡೆ ಕೆಳಗೆ ಯಾರು ನಿಂತ್ಕೊತಾರೋ ಹೇಳಕ್ಕಾಗಲ್ಲ. ಖಾಲಿ ಬಿಡು" ಅಂದ. ಏನು ಅರ್ಥವೋ.

ನಿಮ್ಮಮ್ಮ ಈಚೆಗೆ ಕಾಗದ ಓದಿಸಲು ಕರೆದಿಲ್ಲ. ನಿನ್ನ ಕಾಗದ ಬಂದಿಲ್ಲವೇ?

ಸೀನು

*

ಸಿ/ಓ 56 ಎ.ಪಿ.ಓ.
20-11-1989

ಸೀನು,

ನನ್ನ ಕಾಗದಗಳು ಅಮ್ಮನಿಗೆ ತಲುಪುತ್ತಿವೆ. ಈಗ ಸಂಜೀವಯ್ಯನವರ ಮಗಳು ಸತ್ಯಭಾಮಾ ಓದುತ್ತಾಳೆ. ಅಮ್ಮ ಹೇಳಿದ್ದನ್ನು ಅವಳೇ ಬರೆಯುತ್ತಾಳೆ. ನಿನ್ನ ಹಾಗಲ್ಲ, ಅಮ್ಮನ ಬಾಯಿಯಿಂದ ಬಂದ ಮಾತನ್ನು ಹಾಗೇ ಬರೆಯುತ್ತಾಳೆ. ಇಲ್ಲಿ ಇಳಿಸಿದ್ದೇನೆ, ಓದಿಕೊ.

‘ದಾಸ, ಸೀನ ಗ್ವಾಡೆ ಮ್ಯಾಲೆ ನಿನ್ ಚಿತ್ರ ಬರ್ದವ್ನೆ ಕಣಪ್ಪ. ನನ್ ಮಗನ್ ಮಕ ನಂಗ್ ಗೊತ್ತಾಗಲ್ವಾ. ಹುಬ್ಬಿನ್ ಮ್ಯಾಲಿನ್ ಗಾಯ ಸೈತ ಹಾಕವ್ನೆ. ಬಾಯ್ ಯಾಕ್ಲಾ ಅಂಗ್ ತೆಗ್ದವ್ನೆ ಅಂದ್ರೆ, ಜಗಳ ಬಿಡಿ ಅಂತ ಕೂಗ್ತಾವ್ನೆ ಅಂದ. ನಾನು ಯುಗಾದಿಯಿಂದ ದಿನಾ ಒಂದು ಮೊಳ ಹೂವ ಮೊಳೆಗೆ ಸಿಗಾಕ್ಸಿ ಕೈ ಮುಗ್ದು ಬತ್ತಿದ್ದೆ. ಜನ ನಗೋರು. ನನ್ ಮಗ ಹೆಸರು ತಗೊಂಡವ್ನೆ ಅಂತ ಸಂತೋಸಕ್ಕೆ ನಗ್ತಾರೆ ಅಂದ್ಕೊಂಡೆ. ಗೌರಿ ಹಬ್ಬದಾಗೆ ಈ ಸತ್ಯನ್ನ ಕೇಳ್ದೆ, ಕೆಳಗೇನ್ ಬರ್ದೈತೆ ಓದವ್ವಾ ಅಂತ. ಓದಕ್ಕಿಲ್ಲ ಅಂದ್ಲು. ಕೈ ಹಿಡ್ಕೊಂಡೆ. ಓದಿದ್ಲು. ಜಗಳ ಬಿಡಿಸಲು ಹೋದ ಬೆಪ್ಪ ಅಂತ. ನಾನು ಹೂವ ಕಿತ್ಕೊಂಡು ಬಂದೆ. ಈಗ ಊದುಬತ್ತಿ ಕೊಡಾಕೆ ಹಿಂದಲ್ ಓಣಿ ಸುತ್ಕೊಂಡು ಓಯ್ತೀನಿ.’

ಆ ಬೆಪ್ಪ ಯಾರೋ ಒಬ್ಬ ಸಿಪಾಯಿ ಅಂದುಕೊಂಡು ನಮ್ಮ ಹುಡುಗರ ಜೊತೆ ಕೂತು ನಕ್ಕಿದ್ದೆ. ಅವನು ನಾನೇ. ಫೋಟೋ ಒಂದು ಕೆಲಸಕ್ಕೆ ಬೇಕು ಅಂದಿದ್ದೆಯಲ್ಲ, ಆ ಕೆಲಸ ಇದು. ಐದು ಕಡೆ, ಒಂದು ಕೂದಲು ಆಚೀಚೆ ಇಲ್ಲದ ಹಾಗೆ.

ಇಲ್ಲಿ ನಾನು ಅತ್ತಿಲ್ಲ. ಬೋರಣ್ಣನನ್ನು ಸ್ಟ್ರೆಚರಿಗೆ ಹಾಕಿದಾಗಲೂ ಅತ್ತಿಲ್ಲ. ನೀನು ಗೋಡೆಯ ಮೇಲೆ ಅಳಿಸಿದ್ದೀಯ.

ನನಗೆ ಇನ್ನು ಬರೆಯಬೇಡ.

ದಾಸಪ್ಪ

*

ಕದಿರೇನಹಳ್ಳಿ
3-12-1989

ದಾಸ,

ಬರೆಯಬೇಡ ಅಂದರೂ ಬರೆಯುತ್ತೇನೆ, ಹರಿದು ಹಾಕು ಬೇಕಾದರೆ.

ನಾನು ಯಾರ ಪರವಾಗಿ ಬರೆದೆ? ನಿನ್ನ ಪರವಾಗಿ. ಬೋರಣ್ಣನ ಕಾಲಿಗಾಗಿ. ಈ ಏರಿಯಾದಲ್ಲಿ ಅನಂತರಾಮು ಎದುರಿಗೆ ಬ್ರಷ್ ಎತ್ತಿದವನು ನಾನೊಬ್ಬ. ಮಿಕ್ಕವರೆಲ್ಲ ಅವನ ಶೀಟಿನ ಕೆಳಗೆ ಕೇರಂ ಆಡಿದರು. ನನಗೆ ಸಿಪಾಯಿ ಅಂದರೆ ಯಾರು ಗೊತ್ತು? ನೀನೊಬ್ಬನೇ ಗೊತ್ತು. ನಾನು ಬೇರೆ ಸಿಪಾಯಿಯನ್ನು ಹತ್ತಿರದಿಂದ ನೋಡಿಯೇ ಇಲ್ಲ. ಕೈಗೆ ಬಂದಿದ್ದು ನಿನ್ನ ಮುಖ, ಬರೆದೆ. ಬಾಯಿ ಬಿಡಿಸದೆ ವ್ಯಂಗ್ಯಚಿತ್ರ ಹೇಗೆ ಬರೆಯುವುದು? ಸೈನ್ಯ ಸೋತು ಬರುತ್ತಿರುವುದು ಸುಳ್ಳಾ? ಅದನ್ನು ಹೇಳಬಾರದಾ? ಕಳಿಸಿದವರನ್ನು ಬಿಟ್ಟು ನನ್ನ ಮೇಲೆ ಯಾಕೆ ಹಾರುತ್ತೀಯ?

ಇಲ್ಲಿ ಆಗಿದ್ದು ಕೇಳು, ಆಮೇಲೆ ನನ್ನನ್ನು ಬಯ್ಯಿ. ಅನಂತರಾಮುಗೆ ಅವನ ಪಾರ್ಟಿ ಟಿಕೆಟ್ ಕೊಡಲಿಲ್ಲ. ರಾತ್ರೋರಾತ್ರಿ ಉಗ್ರಪ್ಪನ ಪಾರ್ಟಿಗೆ ಸೇರಿದ. ಇಬ್ಬರೂ ಒಂದೇ ಜೀಪಿನಲ್ಲಿ ನಿಂತು ಕೈ ಮುಗಿಯುತ್ತಾ ಬಂದರು, ನನ್ನ ಗೋಡೆಯ ಮುಂದೆಯೇ. ಅನಂತರಾಮು ಚಿತ್ರ ನೋಡಿ, "ಸೈನಿಕರಿಗಾದ ಅನ್ಯಾಯ ನೋಡ್ರಪ್ಪ" ಅಂತ ಮೈಕಿನಲ್ಲಿ ಕೂಗಿದ. ಆ ಕೊಡೆಯ ಕೆಳಗೆ ನಿಂತಿರುವವನು ತಾನೇ ಅಂತ ಅವನಿಗೆ ಗೊತ್ತಿಲ್ಲ, ಜನಕ್ಕೂ ಗೊತ್ತಿಲ್ಲ. ಗೆದ್ದ. ಇಬ್ಬರೂ ಗೆದ್ದರು.

ನಾನು ಗುಂಡಣ್ಣನ ಅಂಗಡಿ ಬಿಟ್ಟೆ. ಅಲ್ಲಿ ಅವರ ವಿಜಯೋತ್ಸವದ ಬೋರ್ಡ್ ಬರೆಯಲು ಹೇಳಿದರು.

ನೀನು ಹೂಂ ಅಂದರೆ ಐದೂ ಗೋಡೆಗಳಿಗೆ ನಾನೇ ಸುಣ್ಣ ಬಳಿಯುತ್ತೇನೆ. ಒಂದು ಕಾರ್ಡ್ ಬರಿ ಸಾಕು. ನಿಮ್ಮಮ್ಮನ ಮನೆಗೆ ಹೋಗಿದ್ದೆ. ಒಳಗಿದ್ದಳು, ಕದ ತೆಗೆಯಲಿಲ್ಲ.

ಸೀನು

*

ಕದಿರೇನಹಳ್ಳಿ
21-1-1990

ದಾಸ,

ಕಾರ್ಡ್ ಬರಲಿಲ್ಲ. ಸುಣ್ಣ ಬಳಿಯಲೋ ಬೇಡವೋ, ಅಷ್ಟು ಹೇಳು.

ಸೀನು

*

ಸಿಕಂದರಾಬಾದ್
15-4-1990

ಸೀನು,

ನಾವೆಲ್ಲ ವಾಪಸ್ ಬಂದುಬಿಟ್ಟೆವು. ಮದ್ರಾಸಿನಲ್ಲಿ ಹಡಗು ಇಳಿದೆವು. ಅಲ್ಲಿಂದ ರಜ ಸಿಕ್ಕಿತು, ಕದಿರೇನಹಳ್ಳಿಗೆ ಬಂದು ಅಮ್ಮನ ಜೊತೆ ಇದ್ದು ಬಂದೆ. ನಿನ್ನನ್ನು ನೋಡಲಿಲ್ಲ. ನೀನು ಆ ಹೊತ್ತಿನಲ್ಲಿ ವಸಂತಪುರದಲ್ಲಿ ಯಾವುದೋ ದೇವಸ್ಥಾನಕ್ಕೆ ಬಣ್ಣ ಹೊಡೆಯುತ್ತಿದ್ದೀಯ ಅಂತ ಸತ್ಯಭಾಮಾ ಹೇಳಿದಳು. ನಡೆದುಕೊಂಡು ಬರುವಷ್ಟು ಹತ್ತಿರ. ಬರಲಿಲ್ಲ.

ಗೋಡೆಗಳನ್ನು ಮಾತ್ರ ನೋಡಿದೆ. ಐದೂ. ಬಸ್ ಹತ್ತಿ ಇಳಿದು, ಹತ್ತಿ ಇಳಿದು, ಒಂದೇ ದಿನ. ಮಳೆ ಬಿಸಿಲಿಗೆ ಮಾಸಿದ್ದರೂ ನನ್ನ ಮುಖ ಚೆನ್ನಾಗಿಯೇ ಇದೆ. ಒಳ್ಳೆಯ ಬಣ್ಣ ಹಾಕಿದ್ದೀಯ.

ಬೊಮ್ಮನಹಳ್ಳಿಯಲ್ಲಿ ಗೋಡೆಯ ಪಕ್ಕ ಒಂದು ಟೀ ಅಂಗಡಿ ಇದೆ. ಟೀ ಕುಡಿಯುತ್ತಾ ನಿಂತೆ. ಅಂಗಡಿಯವನು ನನ್ನನ್ನು ನೋಡಿದ, ಗೋಡೆ ನೋಡಿದ, ಮತ್ತೆ ನನ್ನನ್ನು ನೋಡಿದ.

"ಗುರು, ನೀನೇನಾ ಆ ಬೆಪ್ಪ?"

"ಹೂಂ, ನಾನೇ."

ಅವನು ತಮಾಷೆಗೆ ಅಂದಿದ್ದ. ನಾನು ಹೂಂ ಅಂದ ತಕ್ಷಣ ಪಾಪ, ಅವನ ಕೈಯಲ್ಲಿದ್ದ ಟೀ ಸೋಸುವ ಬಟ್ಟೆ ಹಾಗೇ ನಿಂತಿತು.

"ಹಿಂದೆ ಕೋಲಲ್ಲಿ ತಿವೀತಿರೋನು ಯಾರು?" ಅಂತ ನಾನು ಕೇಳಿದೆ.

"ಯಾರೋ ಗೊತ್ತಿಲ್ಲ ಅಣ್ಣ. ಕೊಡೆ ಅಡ್ಡ ಐತಲ್ಲ."

ಅಲ್ಲಿ ಟೀ ಕುಡಿಯುತ್ತಿದ್ದ ಎಲ್ಲರನ್ನೂ ಕೇಳಿದೆ. ಒಬ್ಬ ಸೇಠು ಅಂದ. ಒಬ್ಬ ಲಂಕೆಯವನು ಅಂದ. ಒಬ್ಬ, ಅವ್ನು ಸುಮ್ನೆ ನೋಡಕ್ ಬಂದವ್ನೆ ಅಂದ. ಜಯನಗರದಲ್ಲೂ ಕೇಳಿದೆ, ಬಿ.ಟಿ.ಎಂ. ಲೇಔಟಿನಲ್ಲೂ ಕೇಳಿದೆ. ಒಬ್ಬರಿಗೂ ಗೊತ್ತಿಲ್ಲ. ಐದು ಗೋಡೆಗಳ ಮೇಲೆ ಈ ಯುದ್ಧಕ್ಕೆ ಒಂದೇ ಮುಖ, ಅದು ನನ್ನದು. ಜಗಳವಾಡುತ್ತಿರುವ ಇಬ್ಬರಿಗೂ ನೀನು ಜುಟ್ಟು ಮುಂದೆ ಬಿಟ್ಟಿದ್ದೀಯ, ಮುಖ ಕಾಣುವುದಿಲ್ಲ. ಕಳಿಸಿದವನಿಗೆ ಕೊಡೆ. ಸಂಜೀವಯ್ಯನವರು ಹೆದರಿ ಅವನ ಮುಖ ತೆಗೆಸಿದರು, ಉಗ್ರಪ್ಪ ಲೆಕ್ಕ ಹಾಕಿ ಖಾಲಿ ಬಿಡಿಸಿದ, ನೀನು ಬೈದುಕೊಂಡು ತೆಗೆದೆ. ತೆಗೆದಿದ್ದು ತೆಗೆದದ್ದೇ. ನನ್ನ ಮುಖಕ್ಕೆ ಯಾರಿಗೂ ಹೆದರಿಕೆ ಇರಲಿಲ್ಲ. ಅದಕ್ಕೆ ಅದು ಉಳಿಯಿತು.

ಸುಣ್ಣ ಬಳಿಯುತ್ತೇನೆ ಅಂದಿದ್ದೆ. ಬಳಿಯಬೇಡ. ಜನ ನೋಡಿ ಆಗಿದೆ. ಅಳಿಸಿದರೆ ಅವನಿಗೇ ಅನುಕೂಲ, ನನಗಲ್ಲ. ಕೊಡೆ ಎತ್ತು. ಅವನ ಮುಖ ಬರಿ. ಆ ಗದ್ದ, ಬಂಗಾರದ ಹಲ್ಲು, ಚೀಲ, ಎಲ್ಲ. ಹಗಲು ಹೊತ್ತು, ಬಸ್ ಬರುವ ಟೈಮಿನಲ್ಲಿ ಬರಿ. ನಾನು ಬೆಪ್ಪನಾಗಿ ನಿಂತಿರಲು ತಯಾರಿದ್ದೇನೆ, ಒಬ್ಬನೇ ನಿಲ್ಲುವುದಕ್ಕೆ ತಯಾರಿಲ್ಲ.

ಅದಾದ ಮೇಲೆ ನಮ್ಮ ಮನೆಗೆ ಬಾ. ಅಲ್ಲಿಯವರೆಗೂ ಅಮ್ಮ ಕದ ತೆಗೆಯುವುದಿಲ್ಲ. ಅದು ಅವಳ ಮಾತಲ್ಲ, ನನ್ನ ಮಾತು.

ದಾಸಪ್ಪ

*

ಕದಿರೇನಹಳ್ಳಿ
13-5-1990

ದಾಸ,

ನಿನ್ನ ಕಾಗದ ಬಂದ ಮೇಲೆ ಒಂದು ವಾರ ಬ್ರಷ್ ಮುಟ್ಟಲಿಲ್ಲ. ನಿಜ ಹೇಳುತ್ತೇನೆ, ಹೆದರಿಕೆ. ಈಗ ಅವನು ಗೆದ್ದವನು.

ಹೋದ ಸೋಮವಾರ ಬೆಳಿಗ್ಗೆ ಸಂಘದ ಗೋಡೆಗೆ ಏಣಿ ಹಾಕಿದೆ. ಎಲ್ಲರೂ ಆಫೀಸಿಗೆ ಹೋಗುವ ಟೈಮು. ಮೊದಲು ಕೊಡೆ ಎತ್ತಿದೆ. ಕ್ಯೂನಲ್ಲಿ ನಿಂತಿದ್ದವರು ತಿರುಗಿದರು. ಗದ್ದ ಬರುವಷ್ಟರಲ್ಲಿ ಒಬ್ಬ, "ಲೋ, ಇದು ಅನಂತರಾಮು ಅಲ್ವೇನ್ಲಾ" ಅಂದ. ಹಲ್ಲಿಗೆ ಹಳದಿ ಹಾಕಿದಾಗ ಯಾರೂ ನಗಲಿಲ್ಲ ದಾಸ. ಒಬ್ಬ ಮುದುಕರು ಅವನ ಮುಖದಿಂದ ಕೋಲಿನ ಉದ್ದಕ್ಕೂ ಬೆರಳಲ್ಲಿ ತೋರಿಸುತ್ತಾ ಬಂದು ನಿನ್ನ ಬೆನ್ನಿನ ಹತ್ತಿರ ನಿಲ್ಲಿಸಿದರು. ಪಕ್ಕದವನಿಗೆ ಏನೋ ಹೇಳಿದರು. ಕೆಳಗಿನ ಸಾಲನ್ನು ಅಳಿಸಿ, ‘ಹದಿನೈದು ದಿವಸದ ಕೆಲಸ’ ಅಂತ ಬರೆದೆ. ಅವನದೇ ಮಾತು.

ಸಂಜೀವಯ್ಯನವರು ಪಂಚೆ ಎತ್ತಿಕೊಂಡು ಓಡಿಬಂದರು. "ಸೀನು, ಇಳಿಯೋ. ನನ್ನ ಮಗಳ ಮದ್ವೆ ಗೊತ್ತಾಗಿದೆ, ಛತ್ರ ಅನಂತರಾಮು ಅವ್ರದೇ ಕಣೋ." ನಾನು ಇಳಿಯಲಿಲ್ಲ. ಮಧ್ಯಾಹ್ನ ಪೊಲೀಸರು ಬಂದು ಸ್ಟೇಷನ್ನಿಗೆ ಕರೆದುಕೊಂಡು ಹೋದರು. ಇನ್‌ಸ್ಪೆಕ್ಟರು, "ಮಿಲಿಟ್ರಿಯೋನ್ನ ಒಂದು ವರ್ಷ ಬೆಪ್ಪ ಅಂತ ಬರ್ದಿದ್ದಾಗ ಯಾರೂ ಕಂಪ್ಲೇಂಟ್ ಕೊಟ್ಟಿರ್ಲಿಲ್ಲ. ಇವತ್ತು ಬೆಳಿಗ್ಗೆ ಬರ್ದಿದ್ದಕ್ಕೆ ಆರು ಫೋನು" ಅಂತ ತಾವೇ ಅಂದುಕೊಂಡರು. ಸಂಜೆವರೆಗೂ ಕೂರಿಸಿ, ಎರಡೇಟು ಹಾಕಿ ಬಿಟ್ಟರು.

ಬಂದು ನೋಡಿದರೆ ಸುಣ್ಣ ಬಳಿದಿದ್ದರು. ಎಲ್ಲಕ್ಕೂ ಅಲ್ಲ. ಅವನ ಮುಖಕ್ಕೆ ಮಾತ್ರ, ಒಂದು ತಟ್ಟೆಯಷ್ಟಗಲ. ನೀನು ಹಾಗೇ ಇದ್ದೆ, ಬಾಯಿ ಬಿಟ್ಟುಕೊಂಡು. ನನಗೆ ಬಂದ ಸಿಟ್ಟು ಹೇಳಲಾರೆ. ಮಂಗಳವಾರ ಮತ್ತೆ ಬರೆದೆ. ಬುಧವಾರಕ್ಕೆ ಮತ್ತೆ ತಟ್ಟೆ ಸುಣ್ಣ. ಮತ್ತೆ ಬರೆದೆ.

ನಿನ್ನೆ ಸುಣ್ಣದವನು ನನ್ನ ಎದುರಿಗೇ ಬಂದ, ಜೊತೆಗೆ ಉಗ್ರಪ್ಪನ ಕಡೆಯವರು ಇಬ್ಬರು. ನನ್ನನ್ನು ಏಣಿಯಿಂದ ಎಳೆದು ಹಾಕಿದರು. ಸ್ಟಾಪಿನಲ್ಲಿ ಜನ ನೋಡುತ್ತಾ ನಿಂತಿದ್ದರು. ಅಷ್ಟರಲ್ಲಿ ನಿಮ್ಮಮ್ಮ ಬಂದಳು. ಹಿಂದಿನ ಓಣಿಯಿಂದಲ್ಲ, ಮುಂದಿನ ರಸ್ತೆಯಿಂದ. ಗೋಡೆಗೆ ಬೆನ್ನು ಕೊಟ್ಟು, ಕೊಡೆಯವನ ಕೆಳಗೆ ಕಾಲು ಚಾಚಿ ಕೂತಳು.

"ಏಳಮ್ಮ, ಸುಣ್ಣ ಬೀಳುತ್ತೆ" ಅಂದ ಅವನು.

"ಬಳೀಯಪ್ಪ. ಬ್ಯಾಡ ಅನ್ನಲ್ಲ. ಮೊದ್ಲು ನನ್ ಮಗನ್ ಮಕಕ್ಕೆ ಬಳಿ. ಒಂದ್ ವರ್ಸದಿಂದ ಅವ್ನೆ, ಅವ್ನ್ ಸರದಿ ಮೊದ್ಲು. ಆಮ್ಯಾಲೆ ಇವ್ರುದು."

"ನಮಗೆ ಹೇಳಿರೋದು ಅದೊಂದೇ ಕಣಮ್ಮ."

"ಅದ್ಯಾಕೆ ಅದೊಂದೇ? ನನ್ ಮಗನ್ ಮಕ ಏನ್ ಮಾಡಿತ್ತು? ಕೇಳ್ಕೊಂಡ್ ಬಾ ಓಗು, ನಾ ಕೂತಿರ್ತೀನಿ."

ಅವನು ಉಗ್ರಪ್ಪನ ಕಡೆಯವರನ್ನು ನೋಡಿದ. ಅವರು ಕ್ಯೂನಲ್ಲಿದ್ದ ಜನವನ್ನು ನೋಡಿದರು. ಬಸ್ ಬಂತು. ಯಾರೂ ಹತ್ತಲಿಲ್ಲ ಅಂತ ಬರೆದರೆ ಸುಳ್ಳಾಗುತ್ತದೆ, ಬಹಳ ಜನ ಹತ್ತಿ ಹೋದರು. ಕೆಲವರು ನಿಂತರು. ಗಾರೆ ಕೆಲಸದ ಮುನಿಲಕ್ಷ್ಮಮ್ಮ ಬಂದು ನಿಮ್ಮಮ್ಮನ ಪಕ್ಕ ಕೂತಳು. ಸುಣ್ಣದವನು ಬಕೆಟ್ ಎತ್ತಿಕೊಂಡು ಹೋದ.

ನಿಮ್ಮಮ್ಮ ಮಧ್ಯಾಹ್ನವೆಲ್ಲ ಅಲ್ಲೇ ಕೂತಿದ್ದಳು. ಸಾಯಂಕಾಲ ಎದ್ದು ಸೀರೆ ಕೊಡವಿಕೊಂಡು ಹೊರಟಳು. ನಾಲ್ಕು ಹೆಜ್ಜೆ ಹೋಗಿ ನಿಂತು, ನನ್ನ ಕಡೆ ತಿರುಗದೆ, "ನಾಳೆ ಅಡುಗೆ ಮುಗ್ಸಿ ಬತ್ತೀನಿ. ಅಲ್ಲಿಗಂಟ ನೀನ್ ಕೂತ್ಕೊ" ಅಂದಳು.

ಇವತ್ತು ಭಾನುವಾರ. ಗೋಡೆಯ ಕೆಳಗೆ ಕೂತು, ತೊಡೆಯ ಮೇಲೆ ಕಾಗದ ಇಟ್ಟುಕೊಂಡು ಬರೆಯುತ್ತಿದ್ದೇನೆ. ಇನ್ನೂ ನಾಲ್ಕು ಗೋಡೆಗಳಿವೆ, ನಿಜ. ಸುಣ್ಣದವನು ರಸ್ತೆಯ ಆಚೆ ಬಂದು, ಬಕೆಟ್ ಕೆಳಗಿಟ್ಟು, ಬೀಡಿ ಹಚ್ಚಿದ್ದಾನೆ. ನನ್ನನ್ನೇ ನೋಡುತ್ತಿದ್ದಾನೆ. ನಿಮ್ಮಮ್ಮ ಇನ್ನೂ ಬಂದಿಲ್ಲ. ನಾನು ಎದ್ದಿಲ್ಲ.

ಸೀನು